ಗೇರ್ ಹೊಲಿಯಲು ಹೋದರೆ ಸೂರ್ಯಕಾಂತಿ ಆಗುತ್ತಿದೆ, ಏನು ಮಾಡಲಿ?

ಪ್ರಶ್ನೆ: ಏಳು ವರ್ಷದ ಮಗನಿಗಾಗಿ 42 ಇಂಚು ಅಗಲ, 54 ಇಂಚು ಉದ್ದದ ಕ್ವಿಲ್ಟ್ (ಎರಡು ಬಟ್ಟೆಗಳ ನಡುವೆ ಮೆತ್ತನೆಯ ಪದರ ಇಟ್ಟು ಹೊಲಿಯುವ ಹೊದಿಕೆ) ಮಾಡುತ್ತಿದ್ದೇನೆ. ನಡುವೆ ಕಪ್ಪು-ಕೆಂಪು ಬಟ್ಟೆಯಲ್ಲಿ ಉಗಿ ಎಂಜಿನ್ನಿನ ಅಪ್ಲೀಕ್, ಅಂದರೆ ಬಟ್ಟೆ ಕತ್ತರಿಸಿ ಮೇಲೆ ಹೊಲಿದ ಚಿತ್ರ ಇದೆ. ಸುತ್ತಲೂ ಬೂದು ಬಣ್ಣದ ಖಾಲಿ ಜಾಗ. ಅದನ್ನು ಗೇರುಗಳಿಂದ ತುಂಬಿಸಬೇಕು ಅನ್ನುವುದು ನನ್ನ ಆಸೆ. ನನ್ನದು ಮನೆಬಳಕೆಯ ಮೆಷಿನ್. ಫ್ರೀ ಮೋಷನ್‌ನಲ್ಲಿ (ಬಟ್ಟೆಯನ್ನು ಕೈಯಿಂದಲೇ ಬೇಕಾದ ಕಡೆ ಓಡಿಸುತ್ತಾ ಹೊಲಿಯುವಾಗ) ಸುತ್ತಿ ಬಳಸಿ ಹೋಗುವ ಮಿಯಾಂಡರ್ ವಿನ್ಯಾಸ ಚೆನ್ನಾಗಿಯೇ ಬರುತ್ತದೆ. ಎಂಜಿನ್ನಿಗೆ ಹತ್ತಿಕೊಂಡಂತೆ ಸುತ್ತಲೂ ಅದನ್ನೇ ಒತ್ತೊತ್ತಾಗಿ ಹೊಲಿದಿದ್ದೇನೆ. ಗೇರ್ ಮಾತ್ರ ಬರುತ್ತಿಲ್ಲ. ನಾಲ್ಕು ಹೊಲಿದೆ. ಮಗ ನೋಡಿ 'ಸೂರ್ಯಕಾಂತಿ ಚೆನ್ನಾಗಿದೆ' ಅಂದ. ಸುತ್ತು ಮುಗಿಯುವ ಹೊತ್ತಿಗೆ ಕೊನೆಯ ಹಲ್ಲಿಗೆ ಜಾಗವೇ ಇರುವುದಿಲ್ಲ, ಇಲ್ಲವೇ ಒಂದೂವರೆ ಹಲ್ಲಿನ ಜಾಗ ಉಳಿದಿರುತ್ತದೆ. ಎರಡು ಗೇರುಗಳ ಹಿಂಬದಿಯಲ್ಲಿ ದಾರ ರೆಪ್ಪೆಗೂದಲಿನ ಹಾಗೆ ಎದ್ದಿದೆ. ದಾರದ ಬಿಗಿ ಹೊಂದಿಸುವ ಟೆನ್ಷನ್ ಗುಂಡಿ ತಿರುಗಿಸಿ ತಿರುಗಿಸಿ ಸಾಕಾಯಿತು. ಕ್ವಿಲ್ಟ್‌ನ ಅಂಚು ಬೇರೆ ಅಲೆ ಅಲೆಯಾಗುತ್ತಿದೆ. ಇದರ ಮೇಲೆ, ಲೇತ್ ಕೆಲಸ ಮಾಡುವ ನನ್ನ ತಮ್ಮ ಬಂದು 'ಅಕ್ಕಾ, ಈ ಗೇರುಗಳು ಜನ್ಮದಲ್ಲಿ ತಿರುಗಲ್ಲ' ಅಂತ ನಕ್ಕು ಹೋದ. ಎಲ್ಲಾ ಬಿಚ್ಚಿಬಿಡಲಾ? ಅಂಚಿಗೆ ಆನಿಸಿ ಹೊಲಿಯುವ ಅಕ್ರಿಲಿಕ್ ರೂಲರ್ ತೆಗೆದುಕೊಳ್ಳಲಾ? ಅಥವಾ ಇದು ಲಾಂಗ್‌ಆರ್ಮ್ ಮೆಷಿನ್ ಇದ್ದವರ ಕೆಲಸವಾ?

ಉತ್ತರ: ಕೊನೆಯದಕ್ಕೆ ಮೊದಲು ಉತ್ತರ ಹೇಳುತ್ತೇನೆ. ಲಾಂಗ್‌ಆರ್ಮ್ ಬೇಕಿಲ್ಲ. ನೀವು ಹೊಲಿಯುವ ಗೇರ್ ಎರಡು ಮೂರು ಇಂಚಿನದು. ಅಷ್ಟು ಚಿಕ್ಕ ಚಿತ್ರಕ್ಕೆ ಮನೆಬಳಕೆಯ ಮೆಷಿನ್ನಿನ ಆರೇಳು ಇಂಚಿನ ಜಾಗ ಧಾರಾಳವಾಯಿತು. ಲಾಂಗ್‌ಆರ್ಮ್‌ನಲ್ಲಿ ಬಟ್ಟೆ ನಿಂತಿರುತ್ತದೆ, ಮೆಷಿನ್ ಓಡಾಡುತ್ತದೆ. ಅದರಿಂದ ಭುಜಕ್ಕೆ ಆರಾಮ. ಆದರೆ ಹಲ್ಲಿನ ಮೂಲೆ ತಿರುಗಿಸುವುದು ಅಲ್ಲೂ ಕೈಯೇ.

ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ತೊಂದರೆಗಳು ಒಂದೇ ಉಂಡೆಯಾಗಿವೆ. ಹಲ್ಲು ಹಲ್ಲಿನ ಹಾಗೆ ಕಾಣದಿರುವುದು ಚಿತ್ರದ ತೊಂದರೆ. ಹಿಂಬದಿಯ ರೆಪ್ಪೆಗೂದಲು ಕೈವೇಗದ ತೊಂದರೆ. ಅಂಚಿನ ಅಲೆ ಹೊಲಿಗೆ ಎಲ್ಲಿ ಎಷ್ಟು ಒತ್ತಾಗಿದೆ ಅನ್ನುವುದಕ್ಕೆ ಸೇರಿದ್ದು. ನಿಮ್ಮನ್ನು ಜಾಸ್ತಿ ಕಾಡುತ್ತಿರುವುದು ಮೊದಲನೆಯದು. ನನಗೆ ಚಿಂತೆ ಹುಟ್ಟಿಸಿದ್ದು ಮೂರನೆಯದು.

ಮಿಯಾಂಡರ್ ಬರುತ್ತದೆ, ಗೇರ್ ಯಾಕೆ ಬರಲ್ಲ?

ಮಿಯಾಂಡರ್‌ನಲ್ಲಿ ಗೆರೆ ಎಲ್ಲಿಗೆ ಹೋಗಬೇಕಿತ್ತು ಅಂತ ನೋಡುವವರಿಗೆ ಗೊತ್ತಿರುವುದಿಲ್ಲ. ಕೈ ಜಾರಿದರೆ ಅದೇ ವಿನ್ಯಾಸ ಆಗುತ್ತದೆ. ಗೇರ್ ಹಾಗಲ್ಲ. ಅದರ ರೂಪ ಎಲ್ಲರಿಗೂ ಗೊತ್ತು. ಒಂದು ಹಲ್ಲು ದಪ್ಪ, ಪಕ್ಕದ್ದು ಸಣಕಲು ಆದರೆ ಕಣ್ಣು ತಕ್ಷಣ ಹಿಡಿಯುತ್ತದೆ. ಇನ್ನೊಂದು ವ್ಯತ್ಯಾಸ, ಮಿಯಾಂಡರ್‌ನಲ್ಲಿ ಮೂಲೆಗಳೇ ಇಲ್ಲ. ಒಂದು ಹದಿನಾರು ಹಲ್ಲಿನ ಗೇರಿನಲ್ಲಿ 64 ಮೂಲೆ. ಅಷ್ಟು ಸಲ ಕೈ ನಿಂತು ಹೊರಡಬೇಕು. ಹಾಗಾಗಿ ನಿಮ್ಮ ಕೈ ಕೆಟ್ಟಿಲ್ಲ, ಕೆಲಸವೇ ಬೇರೆ.

ಇನ್ನು ಸೂರ್ಯಕಾಂತಿ. ನಿಮ್ಮ ಮಗ ಸರಿಯಾಗಿಯೇ ನೋಡಿದ್ದಾನೆ. ಹಲ್ಲಿನ ತುದಿ ದುಂಡಗಾದರೆ ಅದು ದಳ. ತುದಿ ಚಪ್ಪಟೆಯಾಗಿ, ಎರಡು ಹಲ್ಲುಗಳ ನಡುವಿನ ತಗ್ಗೂ ಚಪ್ಪಟೆಯಾಗಿದ್ದರೆ ಅದು ಗೇರ್. ಎರಡರ ನಡುವೆ ಇರುವ ಅಂತರ ಅಷ್ಟೇ. ಮೂಲೆಯಲ್ಲಿ ಸೂಜಿ ಒಂದು ಸಲ ಪೂರ್ತಿ ಕೆಳಗಿಳಿಯುವ ತನಕ ಕೈ ನಿಲ್ಲಬೇಕು. ಅದೇ ಜಾಗದಲ್ಲಿ ಒಂದೇ ಒಂದು ಹೊಲಿಗೆ ಬಿದ್ದರೆ ಸಾಕು, ಮೂಲೆ ಮೊನಚಾಗುತ್ತದೆ. ಎರಡು ಮೂರು ಬಿದ್ದರೆ ಹಿಂದೆ ಗಂಟು ಕಟ್ಟುತ್ತದೆ. ನಾನು ಕಲಿಸುವಾಗ ಬಾಯಲ್ಲಿ ಹೇಳಿಸುತ್ತೇನೆ: 'ಮೇಲೆ, ನಿಲ್ಲು, ಅಡ್ಡ, ನಿಲ್ಲು, ಕೆಳಗೆ, ನಿಲ್ಲು, ಅಡ್ಡ, ನಿಲ್ಲು.' ಮೊದಮೊದಲು ನಗು ಬರುತ್ತದೆ. ಮೂರನೇ ಗೇರಿಗೆ ಕೈ ಅದೇ ತಾಳ ಹಿಡಿಯುತ್ತದೆ.

ಮೂಲೆ ಬರಬೇಕಾದರೆ ಹಲ್ಲಿಗೆ ಸಾಕಷ್ಟು ಅಗಲವೂ ಬೇಕು. ಸಾಮಾನ್ಯವಾಗಿ ಇಂಚಿಗೆ ಹತ್ತು ಹೊಲಿಗೆ, ಅಂದರೆ ಒಂದೊಂದು ಸುಮಾರು 2.5 ಮಿ.ಮೀ. ಹಲ್ಲಿನ ತುದಿ 5 ಮಿ.ಮೀ. ಇದ್ದರೆ ಅಲ್ಲಿ ಬೀಳುವುದು ಎರಡೇ ಹೊಲಿಗೆ. ಎರಡು ಹೊಲಿಗೆಯಲ್ಲಿ ಚಪ್ಪಟೆ ತುದಿ ತೋರಿಸುವುದು ನನಗೂ ಆಗಲ್ಲ. ಕನಿಷ್ಠ ಮೂರು ಬೀಳಬೇಕು. ಹಾಗಾಗಿ ತುದಿ 7-8 ಮಿ.ಮೀ.ಗಿಂತ ಚಿಕ್ಕದಾಗಬಾರದು. ನೀವು ಚಿಕ್ಕ ವೃತ್ತಕ್ಕೆ ಹನ್ನೆರಡು ಹದಿನಾಲ್ಕು ಹಲ್ಲು ಹಾಕಲು ಹೋಗಿರುತ್ತೀರಿ ಅಂತ ನನ್ನ ಊಹೆ.

ನಡುವಿನ ರಂಧ್ರವನ್ನೂ ಮರೆಯಬೇಡಿ. ಶಾಫ್ಟ್ ಕೂರುವ ಆ ತೂತಿನ ಒಂದು ಬದಿಯಲ್ಲಿ ಚಿಕ್ಕ ಚೌಕ ಕಚ್ಚು ಇರುತ್ತದೆ. ಗೇರ್ ಶಾಫ್ಟಿನ ಮೇಲೆ ಸುಮ್ನೆ ಜಾರಿ ತಿರುಗದಿರಲಿ ಅಂತ ಅಲ್ಲಿ 'ಕೀ' ಅನ್ನುವ ಲೋಹದ ತುಂಡು ಕೂರಿಸುತ್ತಾರೆ. ನಿಮ್ಮ ತಮ್ಮನನ್ನು ಕೇಳಿ, ತೋರಿಸುತ್ತಾರೆ. ನಡುವೆ ವೃತ್ತ ಮಾತ್ರ ಇದ್ದರೆ ಹೂವೂ ಆಗಬಹುದು, ಗುಂಡಿಯೂ ಆಗಬಹುದು. ಆ ಮೂರು ಹೊಲಿಗೆಯ ಚೌಕ ಕಚ್ಚು ಬಿದ್ದರೆ ಅದು ಯಂತ್ರವೇ. ಹಲ್ಲು ಸ್ವಲ್ಪ ಸೊಟ್ಟಗಿದ್ದರೂ ಆ ಕಚ್ಚು ಕಾಪಾಡುತ್ತದೆ.

ಎರಡು, ಮೂರು, ನಾಲ್ಕು

ಕೊನೆಯ ಹಲ್ಲಿಗೆ ಜಾಗ ಸಾಲದಿರುವುದಕ್ಕೆ ಕಾರಣ, ನೀವು ಒಂದು ಕಡೆಯಿಂದ ಅಂದಾಜಿನಲ್ಲಿ ಎಣಿಸುತ್ತಾ ಹೋಗುತ್ತಿರುವುದು. ಪ್ರತಿ ಹಲ್ಲಿನಲ್ಲೂ ಅರ್ಧ ಮಿ.ಮೀ. ತಪ್ಪಿದರೂ ಹದಿನಾರನೆಯದಕ್ಕೆ ಬರುವಾಗ ಅದು ಒಂದು ಇಡೀ ಹಲ್ಲಿನಷ್ಟಾಗುತ್ತದೆ. ಇದನ್ನು ಅಭ್ಯಾಸದಿಂದ ಸರಿಪಡಿಸುತ್ತೇನೆ ಅಂತ ಕೂರಬೇಡಿ. ತಪ್ಪು ಕೂಡುತ್ತಾ ಹೋಗದ ಹಾಗೆ ಮಾಡಿ.

ನಾನು ಬಳಸುವ ಅಳತೆ ಇದು. ಮೂರೇ ಗಾತ್ರದ ಗೇರ್ ಇಟ್ಟುಕೊಳ್ಳಿ: ಒಂದೂವರೆ ಇಂಚು, ಎರಡೂಕಾಲು ಇಂಚು, ಮೂರು ಇಂಚು ವ್ಯಾಸ. ಚಿಕ್ಕದಕ್ಕೆ 8 ಹಲ್ಲು, ನಡುವಿನದಕ್ಕೆ 12, ದೊಡ್ಡದಕ್ಕೆ 16. ರಟ್ಟಿನಲ್ಲಿ ಮೂರು ವೃತ್ತ ಕತ್ತರಿಸಿ, ಬಟ್ಟೆಯ ಮೇಲಿಟ್ಟು ಸುತ್ತಲೂ ಗುರುತು ಎಳೆಯಿರಿ. ಆಮೇಲೆ ವೃತ್ತದ ಮೇಲೆ ಕೂಡಿಸುವ ಚಿಹ್ನೆಯಂತೆ ಎರಡು ಗೆರೆ ಎಳೆದು ನಾಲ್ಕು ಪಾಲು ಮಾಡಿ. ಚಿಕ್ಕದರ ಒಂದೊಂದು ಪಾಲಿನಲ್ಲಿ ಎರಡು ಹಲ್ಲು, ನಡುವಿನದರಲ್ಲಿ ಮೂರು, ದೊಡ್ಡದರಲ್ಲಿ ನಾಲ್ಕು. ಅಷ್ಟೇ. ಒಂದು ಪಾಲಿನಲ್ಲಿ ಆದ ತಪ್ಪು ಮುಂದಿನ ಪಾಲಿಗೆ ಹೋಗುವುದಿಲ್ಲ. ನಾಲ್ಕರವರೆಗೆ ಎಣಿಸುವುದು ಮೆಷಿನ್ ಓಡುವಾಗಲೂ ಆಗುತ್ತದೆ, ಹದಿನಾರರವರೆಗೆ ಆಗಲ್ಲ.

ನೀವು ಎಳೆದ ವೃತ್ತ ಹಲ್ಲಿನ ನಡುಮಟ್ಟ ಅಂತ ತಿಳಿಯಿರಿ. ಹೊಲಿಗೆ ಅದರಿಂದ 3 ಮಿ.ಮೀ. ಹೊರಗೆ ಹೋಗಬೇಕು, ಅಡ್ಡ ಬರಬೇಕು, 3 ಮಿ.ಮೀ. ಒಳಗೆ ಇಳಿಯಬೇಕು. ಗೆರೆಯ ಮೇಲೆಯೇ ಹೊಲಿಯುವುದಿಲ್ಲ, ಗೆರೆಯನ್ನು ದಾಟುತ್ತಾ ಹೋಗುತ್ತೀರಿ. ಇದರಿಂದ ಇನ್ನೊಂದು ಅನುಕೂಲ ಇದೆ. ಗುರುತಿನ ಮೇಲೆಯೇ ಹೊಲಿಯಲು ಹೋದಾಗ ಕೈ ನಡುಗುತ್ತದೆ, ಗೆರೆ ತಪ್ಪಿದ್ದು ಎದ್ದು ಕಾಣುತ್ತದೆ. ಅಕ್ಕಪಕ್ಕ ದಾಟುವಾಗ ಆ ಹೆದರಿಕೆ ಇಲ್ಲ.

ನಿಮ್ಮ ತಮ್ಮನಿಗೂ ಇಲ್ಲೇ ಉತ್ತರ ಇದೆ. ಎರಡು ಗೇರ್ ಕೂಡಿ ತಿರುಗಬೇಕಾದರೆ ಹಲ್ಲಿನಿಂದ ಹಲ್ಲಿಗೆ ಇರುವ ದೂರ ಎರಡರಲ್ಲೂ ಒಂದೇ ಇರಬೇಕು. ವ್ಯಾಸ ಎಷ್ಟು ಪಟ್ಟು ಹೆಚ್ಚೋ ಹಲ್ಲೂ ಅಷ್ಟೇ ಪಟ್ಟು ಹೆಚ್ಚಬೇಕು. ಮೇಲಿನ ಮೂರೂ ಗೇರುಗಳಲ್ಲಿ ಆ ದೂರ ಸುಮಾರು 15 ಮಿ.ಮೀ. ಬರುತ್ತದೆ: ಹಲ್ಲಿಗೆ ಏಳೂವರೆ, ತಗ್ಗಿಗೆ ಏಳೂವರೆ. ಹಾಗಾಗಿ ಯಾವುದನ್ನು ಯಾವುದರ ಪಕ್ಕ ಇಟ್ಟರೂ ಕೂಡುತ್ತದೆ. ನಿಜವಾದ ಗೇರಿನ ಹಲ್ಲಿಗೆ ಪಕ್ಕಗಳಲ್ಲಿ ಇನ್ವಲ್ಯೂಟ್ ಅನ್ನುವ ಬಾಗು ಇರುತ್ತದೆ. ಬಟ್ಟೆಯಲ್ಲಿ ಅದಕ್ಕೆ ಹೋಗಬೇಡಿ, ನೇರ ಗೆರೆ ಸಾಕು.

ಇನ್ನೊಂದು ಎಚ್ಚರಿಕೆ. ಮೂರು ಗೇರುಗಳನ್ನು ತ್ರಿಕೋನದಂತೆ ಒಂದಕ್ಕೊಂದು ಕೂಡಿಸಿದರೆ ಒಂದೂ ತಿರುಗುವುದಿಲ್ಲ. ಕೂಡಿದ ಎರಡು ಗೇರುಗಳು ಯಾವಾಗಲೂ ಎದುರು ಬದುರು ದಿಕ್ಕಿಗೆ ತಿರುಗುತ್ತವೆ. ಮೂರನೆಯದು ಒಂದೇ ಸಲ ಎರಡೂ ದಿಕ್ಕಿಗೆ ತಿರುಗಬೇಕಾಗುತ್ತದೆ, ಹಾಗಾಗಿ ಜಾಮ್. ನನ್ನ ಮೊದಲ ಗೇರ್ ಕ್ವಿಲ್ಟ್‌ನಲ್ಲಿ ಇಂಥ ತ್ರಿಕೋನಗಳು ಒಂಬತ್ತು ಇದ್ದವು. ಚಂದ ಕಾಣುತ್ತದೆ ಅಂತ ಹಾಕಿದ್ದೆ. ಪ್ರದರ್ಶನಕ್ಕೆ ಬಂದ ಒಬ್ಬ ಹಿರಿಯ ಫಿಟ್ಟರ್ ಒಂದೊಂದನ್ನೂ ಬೆರಳಿಟ್ಟು ಎಣಿಸಿ ಹೇಳಿದರು. ಬೈಯಲಿಲ್ಲ, ಆದರೆ ಒಂದನ್ನೂ ಬಿಡಲಿಲ್ಲ.

ಇದಕ್ಕೆ ಸುಲಭ ದಾರಿ, ಎಲ್ಲ ಗೇರುಗಳನ್ನೂ ಕೂಡಿಸಲೇಬೇಡಿ. ಐದಾರು ಗೇರುಗಳ ಗುಂಪಿನಲ್ಲಿ ಎರಡು ಮಾತ್ರ ನಿಜವಾಗಿ ಹಲ್ಲಿಗೆ ಹಲ್ಲು ಕೂಡಲಿ, ಎಂಜಿನ್ನಿನ ಹತ್ತಿರ, ಕಣ್ಣು ಬೀಳುವ ಕಡೆ. ಉಳಿದವು ಒಂದರ ಹಿಂದೆ ಒಂದು ಅವಿತುಕೊಳ್ಳಲಿ. ಅಂದರೆ ಎರಡನೇ ಗೇರಿನ ಹೊಲಿಗೆ ಮೊದಲನೆಯದರ ಅಂಚಿಗೆ ಬಂದು ನಿಲ್ಲುತ್ತದೆ. ಅರ್ಧವೋ ಮುಕ್ಕಾಲೋ ಗೇರ್ ಮಾತ್ರ ಕಾಣುತ್ತದೆ. ಅರ್ಧ ಗೇರಿಗೆ ಹಲ್ಲು ಸರಿ ಕೂಡಿತಾ ಅಂತ ಯಾರೂ ಲೆಕ್ಕ ಹಾಕುವುದಿಲ್ಲ. ಜೊತೆಗೆ ಯಂತ್ರದ ಒಳಗೆ ಇಣುಕಿದ ಹಾಗೂ ಕಾಣುತ್ತದೆ, ಎಲ್ಲವನ್ನೂ ಪಕ್ಕಪಕ್ಕ ಜೋಡಿಸಿದರೆ ಅಂಗಡಿಯಲ್ಲಿ ಬಿಡಿಭಾಗ ಹರಡಿದಂತಿರುತ್ತದೆ.

ಹಿಂಬದಿಯ ರೆಪ್ಪೆಗೂದಲು

ಟೆನ್ಷನ್ ಗುಂಡಿಯೇ ಎಲ್ಲದಕ್ಕೂ ಮದ್ದು ಅನ್ನುವುದು ಈ ಕೆಲಸದಲ್ಲಿ ಎಲ್ಲರೂ ನಂಬುವ ಮಾತು. ಅರ್ಧ ಸಲ ತಪ್ಪು ಅದರದ್ದಾಗಿರುವುದೇ ಇಲ್ಲ. ತಿರುಗಿಸುವ ಮೊದಲು ಒಂದು ಪರೀಕ್ಷೆ ಮಾಡಿ. ನಿಮ್ಮ ಕ್ವಿಲ್ಟ್‌ಗೆ ಹಾಕಿದ ಅದೇ ಮೇಲ್ಬಟ್ಟೆ, ನಡುವಿನ ಅದೇ ಬ್ಯಾಟಿಂಗ್ ಪದರ, ಅದೇ ಹಿಂಬಟ್ಟೆಯ ಒಂದು ತುಂಡು ತೆಗೆದುಕೊಳ್ಳಿ. ಮೇಲೆ ಒಂದು ಬಣ್ಣದ ದಾರ, ಕೆಳಗಿನ ದಾರ ಸುತ್ತಿರುವ ಬಾಬಿನ್ನಿನಲ್ಲಿ ಬೇರೆ ಬಣ್ಣ. ಹತ್ತು ಇಂಚು ನೇರ ಹೊಲಿಯಿರಿ, ಆಮೇಲೆ ನಾಲ್ಕೈದು ವೃತ್ತ ಹೊಲಿಯಿರಿ. ತಿರುಗಿಸಿ ನೋಡಿ.

ನೇರ ಗೆರೆಯಲ್ಲೂ ಮೇಲಿನ ದಾರ ಹಿಂದೆ ಬಂದು ಇಣುಕಿದರೆ ಟೆನ್ಷನ್ ಅಥವಾ ದಾರ ಪೋಣಿಸಿದ್ದು ತಪ್ಪಾಗಿದೆ. ನೇರ ಗೆರೆ ಚೆನ್ನಾಗಿದ್ದು ವೃತ್ತದಲ್ಲಿ ಮಾತ್ರ ರೆಪ್ಪೆಗೂದಲು ಎದ್ದರೆ ಅದು ಕೈ. ಗುಂಡಿಗೂ ಅದಕ್ಕೂ ಸಂಬಂಧವಿಲ್ಲ. ನಿಮ್ಮ ನಾಲ್ಕು ಗೇರುಗಳಲ್ಲಿ ಎರಡರಲ್ಲಿ ಮಾತ್ರ ಹೀಗಾಗಿದೆ ಅಂದ ಮೇಲೆ ನನಗೆ ಕೈಯ ಮೇಲೆಯೇ ಅನುಮಾನ.

ಯಾಕೆ ಹೀಗಾಗುತ್ತದೆ ನೋಡಿ. ಸೂಜಿ ಕೆಳಗಿಳಿದು ಸ್ವಲ್ಪ ಮೇಲೇಳುವಾಗ ದಾರ ಒಂದು ಚಿಕ್ಕ ಕುಣಿಕೆಯಾಗುತ್ತದೆ. ಕೆಳಗಿನ ಹುಕ್ ಬಂದು ಅದನ್ನು ಹಿಡಿದು ಬಾಬಿನ್ನಿನ ಸುತ್ತ ಸಾಗಿಸುತ್ತದೆ. ಆಮೇಲೆ ಮೇಲಿನ ದಾರ ಎಳೆಯುವ ಲಿವರ್ ಮೇಲೆದ್ದು ದಾರವನ್ನು ಬಿಗಿ ಮಾಡುತ್ತದೆ. ಈ ಬಿಗಿಯಾಗುವ ಗಳಿಗೆಯಲ್ಲಿ ಬಟ್ಟೆ ಜೋರಾಗಿ ಪಕ್ಕಕ್ಕೆ ಹೋದರೆ ಬಾಬಿನ್ ದಾರ ಬಾಗಿನ ಒಳಗಡೆಗೆ ನೇರವಾಗಿ ಎಳೆದುಕೊಳ್ಳುತ್ತದೆ, ಮೇಲಿನ ದಾರ ಅದರ ಹಿಂದೆ ಕುಣಿಕೆಯಾಗಿ ಉಳಿಯುತ್ತದೆ. ಅದೇ ರೆಪ್ಪೆಗೂದಲು. ಬಟ್ಟೆಯ ಎಳೆತಕ್ಕೆ ಸೂಜಿಯೂ ಬಾಗುತ್ತದೆ. ಹುಕ್ಕಿಗೆ ಕುಣಿಕೆ ಸಿಗದಿದ್ದರೆ ಹೊಲಿಗೆ ಬಿಟ್ಟುಹೋಗುತ್ತದೆ, ಸೂಜಿ ಪ್ಲೇಟಿಗೆ ಬಡಿದರೆ ಮುರಿಯುತ್ತದೆ.

ವಿಚಿತ್ರ ಅಂದರೆ ಬಾಗು ಬಂದಾಗ ನಮ್ಮ ಕೈ ತಾನಾಗಿಯೇ ಜೋರಾಗುತ್ತದೆ. ಕಷ್ಟದ ಜಾಗ ಬೇಗ ದಾಟಿಬಿಡೋಣ ಅಂತ ಇರಬೇಕು. ಹಲ್ಲು ಮುಗಿದು ನಡುವಿನ ರಂಧ್ರದ ವೃತ್ತ ಹೊಲಿಯುವಾಗ ಇದು ಜಾಸ್ತಿ. ನಿಮ್ಮ ರೆಪ್ಪೆಗೂದಲು ಹೆಚ್ಚಾಗಿ ಅಲ್ಲೇ ಇದ್ದರೆ ಆಶ್ಚರ್ಯವಿಲ್ಲ.

ಒಂದು ಲೆಕ್ಕ ಹೇಳುತ್ತೇನೆ, ವೇಗದ ಅಂದಾಜು ಸಿಗುತ್ತದೆ. ಪೆಡಲ್ ಅರ್ಧ ಒತ್ತಿದಾಗ ಮೆಷಿನ್ ನಿಮಿಷಕ್ಕೆ 400 ಹೊಲಿಗೆ ಹಾಕುತ್ತದೆ ಅಂತಿಟ್ಟುಕೊಳ್ಳಿ. ಒಂದೊಂದು 2.5 ಮಿ.ಮೀ. ಆಗಬೇಕಾದರೆ ಬಟ್ಟೆ ನಿಮಿಷಕ್ಕೆ ಒಂದು ಮೀಟರ್ ಸಾಗಬೇಕು. ಒಂದು ಹಲ್ಲು ಮತ್ತು ಒಂದು ತಗ್ಗಿನ ದಾರಿ ಒಟ್ಟು ಸುಮಾರು 27 ಮಿ.ಮೀ. ಅದಕ್ಕೆ ಒಂದೂವರೆ ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಬೇಕು. ಮೂಲೆಯ ನಿಲುಗಡೆ ಸೇರಿಸಿದರೆ ಎರಡು ಸೆಕೆಂಡು. ಗಡಿಯಾರ ನೋಡಿ ಒಂದು ಗೇರ್ ಹೊಲಿಯಿರಿ. ಹದಿನಾರು ಹಲ್ಲು ಹದಿನೈದು ಸೆಕೆಂಡಿನಲ್ಲಿ ಮುಗಿದರೆ ಕೈ ಎರಡು ಪಟ್ಟು ಜೋರಾಗಿದೆ ಅಂತಲೇ ಅರ್ಥ. 'ಪೆಡಲ್ ಪೂರ್ತಿ ಒತ್ತಿ, ನಡುಕ ಹೋಗುತ್ತದೆ' ಅನ್ನುವ ಸಲಹೆ ಮಿಯಾಂಡರ್‌ಗೆ ಸರಿ. ಗೇರಿಗೆ ಅಲ್ಲ. ಪೂರ್ತಿ ವೇಗದಲ್ಲಿ ಪ್ರತಿ ಮೂಲೆಯಲ್ಲೂ ನಾಲ್ಕೈದು ಹೊಲಿಗೆ ಒಂದರ ಮೇಲೊಂದು ಬೀಳುತ್ತವೆ, ದಾರ ತುಂಡಾಗುತ್ತದೆ.

ನೇರ ಗೆರೆಯೂ ಕೆಟ್ಟಿದ್ದರೆ ಮೊದಲು ದಾರ ಪೂರ್ತಿ ತೆಗೆದು ಮತ್ತೆ ಪೋಣಿಸಿ, ಬಟ್ಟೆ ಒತ್ತಿ ಹಿಡಿಯುವ ಫುಟ್ ಎತ್ತಿಟ್ಟುಕೊಂಡು. ಫುಟ್ ಎತ್ತಿದಾಗ ಮಾತ್ರ ಟೆನ್ಷನ್ ಬಿಲ್ಲೆಗಳು ತೆರೆದು ದಾರ ಒಳಗೆ ಕೂರುತ್ತದೆ. ಹೊಲಿಯುವ ಮೊದಲು ಇಳಿಸಲು ಮರೆಯಬೇಡಿ. ಫ್ರೀ ಮೋಷನ್ ಹೊಲಿಗೆಗೆ ಹಾಕುವ ಡಾರ್ನಿಂಗ್ ಫುಟ್ ಬಟ್ಟೆಯನ್ನು ಬಿಗಿಯಾಗಿ ಒತ್ತುವುದಿಲ್ಲ, ಇಳಿಸಿದ್ದೋ ಇಲ್ಲವೋ ಗೊತ್ತೇ ಆಗುವುದಿಲ್ಲ. ಇಳಿಸದೆ ಹೊಲಿದರೆ ಹಿಂದೆ ಹಕ್ಕಿಗೂಡು. ಬಾಬಿನ್ ಕೇಸಿನ ಧೂಳು ತೆಗೆಯಿರಿ, ಸೂಜಿ ಬದಲಿಸಿ. 50 ನಂಬರ್ ಹತ್ತಿ ದಾರಕ್ಕೆ 80/12 ಟಾಪ್‌ಸ್ಟಿಚ್ ಸೂಜಿ, 40 ನಂಬರಿಗೆ 90/14. ದಾರದ ನಂಬರ್ ಹೆಚ್ಚಾದಷ್ಟೂ ದಾರ ತೆಳು, ಸೂಜಿಯದು ಉಲ್ಟಾ. ಇಷ್ಟಾದ ಮೇಲೂ ಮೇಲಿನ ದಾರ ಹಿಂದೆ ಚುಕ್ಕೆಯಾಗಿ ಕಂಡರೆ ಆಗ ಗುಂಡಿ ತಿರುಗಿಸಿ, ಅರ್ಧ ಅಂಕಿ ಬಿಗಿ ಮಾಡಿ. ಬಾಬಿನ್ ದಾರ ಮೇಲೆ ಕಂಡರೆ ಅರ್ಧ ಅಂಕಿ ಸಡಿಲ.

ಬಟ್ಟೆ ತಳ್ಳುವ ಫೀಡ್ ಡಾಗ್ ಹಲ್ಲುಗಳನ್ನು ಇಳಿಸಲೇಬೇಕು ಅನ್ನುವುದೂ ಪೂರ್ತಿ ನಿಜವಲ್ಲ. ಹೊಲಿಗೆಯ ಉದ್ದ ಸೊನ್ನೆಗೆ ಇಟ್ಟರೆ ಅವು ಬಟ್ಟೆಯನ್ನು ಮುಂದೆ ದೂಡುವುದಿಲ್ಲ. ಕೆಲವು ಮೆಷಿನ್‌ಗಳಲ್ಲಿ ಹಾಗೆಯೇ ಹೊಲಿಗೆ ಇನ್ನೂ ಚೆನ್ನಾಗಿ ಬರುತ್ತದೆ. ಎರಡೂ ಮಾಡಿ ನೋಡಿ. ಮತ್ತೆ ಕ್ವಿಲ್ಟ್‌ನ ಭಾರ ಮೇಜಿನಿಂದ ಕೆಳಗೆ ಜೋತುಬೀಳದ ಹಾಗೆ ಎಡಗಡೆ, ಹಿಂದೆ ಏನಾದರೂ ಆಸರೆ ಕೊಡಿ. ಜೋತ ಭಾರ ಎಳೆಯುವುದು ಸೂಜಿಯನ್ನೇ.

ದಾರ ಕತ್ತರಿಸದೆ ಹೋಗುವ ದಾರಿ

ಪ್ರತಿ ಗೇರಿಗೂ ದಾರ ಕತ್ತರಿಸಿ ಗಂಟು ಮುಚ್ಚುತ್ತಾ ಕೂತರೆ ಈ ಕ್ವಿಲ್ಟ್ ಮುಗಿಯುವಾಗ ನಿಮ್ಮ ಮಗ ಹೈಸ್ಕೂಲಿನಲ್ಲಿರುತ್ತಾನೆ. ಒಳಗಿನಿಂದ ಹೊರಗೆ ಹೊಲಿಯಿರಿ. ಮೊದಲು ನಡುವಿನ ರಂಧ್ರ, ಅದರ ಕಚ್ಚು. ಅಲ್ಲಿಂದ ಒಂದು ಕಡ್ಡಿಯ ಹಾಗೆ ನೇರ ಹೊರಗೆ ಬಂದು ಹಲ್ಲಿನ ಬುಡ ಮುಟ್ಟಿ. ಸುತ್ತಲೂ ಹಲ್ಲು ಹೊಲಿದು ಹೊರಟ ಜಾಗಕ್ಕೆ ಬನ್ನಿ. ಮುಂದಿನ ಗೇರ್ ಯಾವ ಕಡೆ ಇದೆಯೋ ಆ ಕಡೆಯಿಂದಲೇ ಕಡ್ಡಿ ಹೊರಡಿಸಿದ್ದರೆ ಹೊಲಿದದ್ದರ ಮೇಲೆ ಮತ್ತೆ ಹೊಲಿಯುತ್ತಾ ಸುತ್ತಬೇಕಾಗಿಲ್ಲ. ಹಲ್ಲಿನ ಮೂಲೆಗಳ ಮೇಲೆ ಎರಡನೇ ಸಲ ಹೊಲಿಯುವುದು ತುಂಬಾ ಕಷ್ಟ, ಒಂದು ಕೂದಲೆಳೆ ತಪ್ಪಿದರೂ ಜೋಡಿ ಗೆರೆ ಕಾಣುತ್ತದೆ.

ಗೇರುಗಳ ನಡುವಿನ ಸಂದುಗಳಿಗೆ ಯಂತ್ರದ್ದೇ ಬೇರೆ ಭಾಗಗಳಿವೆ. ಎರಡು ಚಕ್ರಗಳನ್ನು ಸುತ್ತಿದ ಬೆಲ್ಟಿನ ಜೋಡಿ ಗೆರೆ, ಸೈಕಲ್ ಚೈನು, ಮೊಣಕೈಯಂತೆ ತಿರುಗುವ ಪೈಪು, ಆರು ಮೂಲೆಯ ನಟ್ಟು. ನನಗೆ ಬೆಲ್ಟ್ ಇಷ್ಟ. ಎಲ್ಲಿಂದ ಎಲ್ಲಿಗೆ ಬೇಕಾದರೂ ಎಳೆಯಬಹುದು, ಬಾಗಿದರೂ ತಪ್ಪು ಅನ್ನಿಸುವುದಿಲ್ಲ.

ರೂಲರ್ ತೆಗೆದುಕೊಳ್ಳಲಾ?

ಪೂರ್ತಿ ಗೇರನ್ನು ಸ್ಟೆನ್ಸಿಲ್‌ನಿಂದ ಬಟ್ಟೆಯ ಮೇಲೆ ಬರೆದುಕೊಂಡು ಹೊಲಿಯಬಹುದು. ರೂಪ ಖಚಿತ. ಆದರೆ ಗುರುತು ಹೋಗುವುದು ಖಚಿತವಲ್ಲ. ನೀರಿಗೆ ಹೋಗುವ ನೀಲಿ ಪೆನ್ನಿನ ಮೇಲೆ ಇಸ್ತ್ರಿ ಬಿದ್ದರೆ ಬಣ್ಣ ಕಚ್ಚಿ ಕೂರುತ್ತದೆ. ಬಿಸಿಗೆ ಮಾಯವಾಗುವ ಪೆನ್ನಿನ ಗೆರೆ ತುಂಬಾ ಚಳಿಯಲ್ಲಿ ಮತ್ತೆ ಕಾಣಿಸಿಕೊಳ್ಳಬಹುದು, ಗಾಢ ಬಟ್ಟೆಯಲ್ಲಿ ಬಿಳಿಚು ಕಲೆಯೂ ಉಳಿಯಬಹುದು. ಚಾಕ್ ಕೈ ಉಜ್ಜಿಯೇ ಅಳಿಸಿಹೋಗುತ್ತದೆ. ಯಾವುದೇ ಇರಲಿ, ಬೂದು ಬಟ್ಟೆಯ ತುಂಡಿನ ಮೇಲೆ ಗೀಚಿ, ತೊಳೆದು ನೋಡಿ ಆಮೇಲೆ ಬಳಸಿ. ಕಾಗದದ ಮೇಲೆ ಬರೆದು ಅದರ ಸಮೇತ ಹೊಲಿದು ಹರಿಯುವವರೂ ಇದ್ದಾರೆ. ಗೇರಿಗೆ ಬೇಡ. ಮೂಲೆ ಮೂಲೆಯಲ್ಲಿ ಕಾಗದದ ಚೂರು ಸಿಕ್ಕಿಕೊಳ್ಳುತ್ತದೆ, ಕೀಳುವಾಗ ಹೊಲಿಗೆ ಸಡಿಲವಾಗುತ್ತದೆ.

ರೂಲರ್ ದೊಡ್ಡ ವೃತ್ತಗಳಿಗೆ ಒಳ್ಳೆಯದು. ಆದರೆ ಅದಕ್ಕೆಂದೇ ಇರುವ ದಪ್ಪ ಅಂಚಿನ ರೂಲರ್ ಫುಟ್ ಇಲ್ಲದೆ ದಯವಿಟ್ಟು ಮುಟ್ಟಬೇಡಿ. ಮಾಮೂಲಿ ಡಾರ್ನಿಂಗ್ ಫುಟ್ ರೂಲರಿನ ಮೇಲೆ ಹತ್ತಿಬಿಡುತ್ತದೆ, ಸೂಜಿ ಅಕ್ರಿಲಿಕ್‌ಗೆ ಬಡಿದು ಚೂರಾಗುತ್ತದೆ. ಒಮ್ಮೆ ಆ ಚೂರು ನನ್ನ ಕನ್ನಡಕಕ್ಕೆ ತಗುಲಿದೆ. ರೂಲರಿನ ದಪ್ಪವೂ ಮೆಷಿನ್ನಿಗೆ ಹೊಂದಬೇಕು. ಫುಟ್ ಸಿಕ್ಕಿಸುವ ಜಾಗ ಕೆಳಗಿರುವ ಲೋ ಶ್ಯಾಂಕ್ ಮೆಷಿನ್ನಿಗೆ ಸಾಮಾನ್ಯವಾಗಿ 3 ಮಿ.ಮೀ., ಅದು ಮೇಲಿರುವ ಹೈ ಶ್ಯಾಂಕಿಗೆ 4.5 ಮಿ.ಮೀ. ಜೊತೆಗೆ ಫುಟ್ಟಿನ ಅಂಚಿಗೂ ಸೂಜಿಗೂ ಕಾಲು ಇಂಚು ದೂರ ಇರುವುದರಿಂದ ಏಳೂವರೆ ಮಿ.ಮೀ. ಹಲ್ಲಿಗೆ ರೂಲರ್ ಹಿಡಿಯುವುದೇ ಪ್ರಯಾಸ.

ನನ್ನ ಸಲಹೆ: ವೃತ್ತ ಮತ್ತು ನಾಲ್ಕು ಪಾಲು ಮಾತ್ರ ಗುರುತು ಮಾಡಿ, ಹಲ್ಲು ಕೈಯಲ್ಲೇ ಬರಲಿ. ಹಲ್ಲುಗಳು ಅಷ್ಟಿಷ್ಟು ಏರುಪೇರಾಗುತ್ತವೆ, ಅದು ಇದರ ನಷ್ಟ. ದಾರ ಬಟ್ಟೆಯ ಬಣ್ಣದ್ದೇ ಇದ್ದರೆ ಅಥವಾ ಒಂದು ಛಾಯೆ ಗಾಢ ಇದ್ದರೆ ಅದು ಮುಚ್ಚಿಹೋಗುತ್ತದೆ. ಬಿಳಿ ದಾರ ಹಾಕಿದರೆ ಒಂದೊಂದು ತಪ್ಪೂ ಮಾತಾಡುತ್ತದೆ.

ಅಂಚಿನ ಅಲೆ, ಮತ್ತೆ ಎಂಜಿನ್

ಹೊಲಿಗೆ ಬಿದ್ದ ಕಡೆ ಬಟ್ಟೆ ಕುಗ್ಗುತ್ತದೆ. ಒತ್ತಾಗಿ ಬಿದ್ದಷ್ಟೂ ಜಾಸ್ತಿ ಕುಗ್ಗುತ್ತದೆ. ನೀವು ನಡುವೆ ಬಿಗಿಯಾಗಿ ಹೊಲಿದಿದ್ದೀರಿ, ಅಂಚು ಇನ್ನೂ ಖಾಲಿ ಇದೆ. ನಡು ಚಿಕ್ಕದಾಯಿತು, ಅಂಚು ಹಾಗೇ ಉಳಿಯಿತು. ಉಳಿದ ಬಟ್ಟೆ ಎಲ್ಲಿಗೆ ಹೋಗಬೇಕು? ಅಲೆಯಾಗುತ್ತದೆ. ಒತ್ತಾಗಿ ಹೊಲಿದಷ್ಟೂ ಕ್ವಿಲ್ಟ್ ಗಟ್ಟಿ, ಚಂದ ಅನ್ನುವುದು ಇನ್ನೊಂದು ತಪ್ಪು ನಂಬಿಕೆ. ಅತಿಯಾದರೆ ರಟ್ಟಿನ ಹಾಗೆ ಬಿರುಸಾಗುತ್ತದೆ. ಮಗು ಹೊದೆಯುವುದು ಅಲ್ವಾ, ಮಡಚಿದರೆ ಮಡಚಿಕೊಳ್ಳಬೇಕು.

ಗೇರುಗಳಿಗೆ ಮೊದಲು ಅಂಚಿನ ತನಕ ಸೇಫ್ಟಿ ಪಿನ್ ಹಾಕಿದ್ದು ಸರಿ ಇದೆಯಾ ನೋಡಿ, ಸುಮಾರು ನಾಲ್ಕು ಇಂಚಿಗೊಂದು. ಆಮೇಲೆ ನಡುವಿನಿಂದ ಹೊರಗೆ ಸಾಗುತ್ತಾ ಗೇರುಗಳನ್ನು ಅಂಚಿನವರೆಗೂ ಅದೇ ಒತ್ತಿನಲ್ಲಿ ಹರಡಿ. ಅಂಚಿಗೆ ಬರುವಾಗ ಸುಸ್ತಾಗಿ ದೊಡ್ಡ ದೊಡ್ಡ ಖಾಲಿ ಬಿಡುವುದು ಎಲ್ಲರೂ ಮಾಡುವ ತಪ್ಪು, ನಾನೂ ಮಾಡಿದ್ದೇನೆ. ಅಂಚಿನಲ್ಲಿ ಗೇರುಗಳು ಅರ್ಧಕ್ಕೆ ಕತ್ತರಿಸಿಹೋಗಲಿ, ಅಂಚು ಮುಚ್ಚುವ ಬೈಂಡಿಂಗ್ ಪಟ್ಟಿಯೊಳಗೆ ಮುಳುಗಲಿ. ಇಷ್ಟಾದ ಮೇಲೆ ಅಲೆಯ ಬಹುಭಾಗ ತಾನೇ ಇಳಿಯುತ್ತದೆ. ಉಳಿದದ್ದಕ್ಕೆ, ಬೈಂಡಿಂಗ್ ಹಾಕುವ ಮೊದಲು ಕ್ವಿಲ್ಟ್ ಒದ್ದೆ ಮಾಡಿ, ನೆಲದ ಮೇಲೆ ಹರಡಿ, ಮೂಲೆಗಳನ್ನು ಚೌಕಕ್ಕೆ ಎಳೆದು ಪಿನ್ ಮಾಡಿ ಒಣಗಿಸಿ. ಒದ್ದೆ ಮಾಡುವ ಮೊದಲು ಕೆಂಪು ಬಟ್ಟೆ ಬಣ್ಣ ಬಿಡುತ್ತದಾ ಅಂತ ಬಿಳಿ ಚಿಂದಿ ಒತ್ತಿ ನೋಡಿ. ಒಣಗಿದ ಮೇಲೆ ಅಂಚು ಕತ್ತರಿಸಿ ನೇರ ಮಾಡಿ.

ನೀವು ಕೇಳದ ಒಂದು ಮಾತು. ಕಡಿಮೆ ಹೊಲಿದದ್ದು ಉಬ್ಬುತ್ತದೆ, ಒತ್ತಾಗಿ ಹೊಲಿದದ್ದು ತಗ್ಗುತ್ತದೆ. ಗೇರುಗಳ ಹೊಟ್ಟೆ ಖಾಲಿ ಬಿಟ್ಟರೆ ಅವು ಇಡ್ಲಿಯ ಹಾಗೆ ಉಬ್ಬಿ ಎಂಜಿನ್ನಿಗಿಂತ ಮುಂದೆ ಬಂದು ಕೂರುತ್ತವೆ. ಹಾಗಾಗಿ ಗೇರಿನ ಒಳಗೂ ಕಡ್ಡಿಗಳನ್ನೋ ಒಂದರೊಳಗೊಂದು ಬಳೆಗಳನ್ನೋ ಹೊಲಿಯಿರಿ. ಎಂಜಿನ್ನಿನ ಒಳಗೆ ಅದಕ್ಕಿಂತ ಕಡಿಮೆ ಹೊಲಿಗೆ ಇರಲಿ, ಚಕ್ರ, ಬಾಯ್ಲರಿನ ಪಟ್ಟಿ, ಚಿಮಣಿ, ಇಷ್ಟರ ಅಂಚು ಸಾಕು. ಹಿನ್ನೆಲೆಯಲ್ಲಿ ಇರಬೇಕಾದದ್ದು ಹಿಂದೆಯೇ ಇರುತ್ತದೆ.

ಹೊಲಿದ ನಾಲ್ಕು ಗೇರುಗಳಲ್ಲಿ ರೆಪ್ಪೆಗೂದಲು ಇರುವ ಎರಡನ್ನು ಬಿಚ್ಚಿ. ನೋಟಕ್ಕಾಗಿ ಅಲ್ಲ. ಅಲ್ಲಿ ಬಾಬಿನ್ ದಾರ ನೇರವಾಗಿ ಮಲಗಿದೆ. ಎಲ್ಲೋ ಉಗುರು ಸಿಕ್ಕಿ ಎಳೆದರೆ ಸರ್ರನೆ ಬಿಚ್ಚಿಕೊಂಡು ಬರುತ್ತದೆ. ಹಿಂಬದಿಯಲ್ಲಿ ನಾಲ್ಕೈದು ಹೊಲಿಗೆಗೊಂದರಂತೆ ಕತ್ತರಿಸಿ, ತಿರುಗಿಸಿ ಮೇಲಿನ ದಾರ ಎಳೆದರೆ ಬಟ್ಟೆಗೆ ಪೆಟ್ಟಾಗದೆ ಬರುತ್ತದೆ. ಸೂಜಿಯ ತೂತುಗಳು ಒದ್ದೆ ಮಾಡಿದಾಗ ಮುಚ್ಚಿಕೊಳ್ಳುತ್ತವೆ. ಇನ್ನೆರಡನ್ನು ಬಿಡಿ. ಹಲ್ಲು ಸೊಟ್ಟಗಿರುವುದು ಬಿಚ್ಚಲು ಕಾರಣವಲ್ಲ. ನಡುವಿನ ರಂಧ್ರಕ್ಕೆ ಕಚ್ಚು ಹಾಕಿ, ಮುಂದೆ ಹೊಲಿಯುವ ದೊಡ್ಡ ಗೇರುಗಳು ಅವುಗಳ ಸುತ್ತ ಬಂದು ಅಂಚಿಗೆ ನಿಲ್ಲುವ ಹಾಗೆ ಜಾಗ ಗುರುತು ಮಾಡಿಕೊಳ್ಳಿ. ಸೊಟ್ಟ ಹಲ್ಲುಗಳ ಕಡೆ ಒಂದು ಬೆಲ್ಟ್ ಸುತ್ತಿಬಿಟ್ಟರೂ ಆಯಿತು.